ಮುಚ್ಚಳ ಹಾಕಿದ ಒಂದು ತಾಸು

ಗೇಟಿನ ಚಿಲಕ ಸದ್ದು ಮಾಡಿದ ಕೂಡಲೇ ನಮ್ಮ ಮನೆಯ ಭಾಷೆ ಬದಲಾಗುತ್ತಿತ್ತು. ಹಾಲಿನವನಿರಲಿ, ಮೇಲಿನ ಮನೆಯ ಓನರ್ ಆಂಟಿ ಇರಲಿ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿರಲಿ, ಹೊರಗಿನವರ ಒಂದು ಕಾಲು ಅಂಗಳದಲ್ಲಿ ಬಿದ್ದರೆ ಸಾಕು, ಅರ್ಧಕ್ಕೆ ಬಂದಿದ್ದ ಜಗಳ ಕೂಡ ತೆಲುಗಿಗೆ ತಿರುಗಿ ತಣ್ಣಗಾಗುತ್ತಿತ್ತು. ಇದು ಆಯಿ ಹಾಕಿದ ಕಟ್ಟಳೆ. ಆಯಿ ಎಂದರೆ ಅಪ್ಪನ ತಾಯಿ, ಗಂಡನ ಸರ್ಕಾರಿ ನೌಕರಿಯ ಹಿಂದೆ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು ಇಲ್ಲೇ ಮುದುಕಿಯಾದವಳು. ತಿಳಿಯದ ಭಾಷೆಯನ್ನು ಎದುರಿಗೇ ಆಡಿದರೆ ಬಂದವರು ತಮ್ಮನ್ನೇ ಬೈಯುತ್ತಿದ್ದಾರೆ ಅಂದುಕೊಳ್ಳುತ್ತಾರೆ ಎಂಬುದು ಆಕೆಯ ವಾದ. ಅದರಲ್ಲಿ ಅಂಜಿಕೆ ಎಷ್ಟಿತ್ತು, ಮರ್ಯಾದೆ ಎಷ್ಟಿತ್ತು ಎಂದು ನನಗೆ ಇಂದಿಗೂ ಬಿಡಿಸಲು ಬರುವುದಿಲ್ಲ. ಎರಡೂ ಇದ್ದವು ಅನ್ನಿಸುತ್ತದೆ. ನಾವಂತೂ ಅದನ್ನು ಚಪ್ಪಲಿ ಹೊರಗೆ ಬಿಡುವಷ್ಟೇ ಸಹಜವಾಗಿ ಪಾಲಿಸುತ್ತಿದ್ದೆವು. ಕನ್ನಡ ಒಳಗಿನದು, ತೆಲುಗು ಹೊರಗಿನದು. ನಡುವೆ ಆ ಚಿಲಕ.

ಮನೆ ಎಂದರೆ ದಿಲ್‌ಸುಖ್‌ನಗರದ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದ ಕೆಳಗಿನ ಪೋರ್ಷನ್. ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಅಪ್ಪನದು ಮತ್ತು ಟೀವಿಯದು. ನಡುವಿನದು ಆಯಿಯದು ಮತ್ತು ನನ್ನದು. ಅಲ್ಲಿ ಬೆಳಗಿನ ಹೊತ್ತು ಆಯಿ ಲಿಂಗಪೂಜೆಗೆ ಕೂತರೆ ನಾನು ಹಾಸಿಗೆ ಮಡಚಿ ಉಸಿರು ಬಿಗಿಹಿಡಿದು ದಾಟಬೇಕು. ಹಿಂದಿನದು ಅಡಿಗೆ ಮನೆ. ಅದರ ಆಚೆ ಪಾತ್ರೆ ತಿಕ್ಕುವ ಕಟ್ಟೆ, ಒಂದು ನಲ್ಲಿ, ಗೋಡೆಯಾಚೆಗೆ ಕೋಚಿಂಗ್ ಸೆಂಟರಿನ ಹುಡುಗರು ಒಣಹಾಕಿದ ಬನಿಯನ್ನುಗಳು. ಅಡಿಗೆ ಮನೆಯ ಕಿಟಕಿ ಒಲೆಯ ಎಡಕ್ಕಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಆದರೆ ನಾನೇ ತೆಗೆದ ವಿಡಿಯೊದಲ್ಲಿ ಅದು ಬಲಕ್ಕಿದೆ. ಅದನ್ನು ಕಂಡಂದಿನಿಂದ ಈ ಅಧ್ಯಾಯದಲ್ಲಿ ನಾನು ಬರೆಯುವ ಯಾವುದನ್ನೂ ಪೂರ್ತಿ ನಂಬಿ ಬರೆಯುತ್ತಿಲ್ಲ.

ಆ ಅಡಿಗೆ ಮನೆಯಲ್ಲಿ ಅವ್ವ ಇದ್ದಳು. ಅವ್ವನ ಬಾಯಿ ಅಂದರೆ ಬಾಯಿ. ತಡವಾಗಿ ಎದ್ದು ಬಂದರೆ ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಲೇ, ತಲೆ ಎತ್ತದೆ, ಸ್ವಾಗತ ಮಾಡುವಳು:

"ಬಾರವಾ ರಾಣಿ, ಎದ್ದಿ? ಆರತಿ ತರಲೇನ, ಇಲ್ಲಾ ಮತ್ತೊಂದ್ ಸಲ ಮಲಗಿ ಏಳ್ತೀ?"

ಅಪ್ಪ ಆಫೀಸಿನಿಂದ ಬಂದವನೇ ಕಟ್ಟು ಬಿಚ್ಚಿ ಫೈಲು ಓದತೊಡಗಿದರೆ ಚಹಾದ ಕಪ್ಪನ್ನು ಅದರ ಪಕ್ಕಕ್ಕೆ ಇಟ್ಟು ಹೇಳುವಳು:

"ನಿಮ್ಮ ಫೈಲಿಗಿ ಇರೂ ನಸೀಬು ನನಗಿಲ್ರಿ. ಅದನ್ನರ ದಿನಾ ಬಿಚ್ಚಿ ನೋಡ್ತೀರಿ."

ಅಪ್ಪ ನಗುತ್ತಿರಲಿಲ್ಲ, ಆದರೆ ಫೈಲು ಮುಚ್ಚುತ್ತಿದ್ದ. ಅಷ್ಟು ಮಾಡಿದರೆ ಅವ್ವನಿಗೆ ಗೆದ್ದಂತೆ. ನಾನು ಬೆಳೆದದ್ದು ಈ ಮಾತಿನ ಏಟುಗಳ ನಡುವೆ. ಅವು ತಾಗುತ್ತಿದ್ದವು; ಆದರೆ ಅವ್ವ ಒಂದು ದಿನ ಸುಮ್ಮನಿದ್ದರೆ ಊಟವೇ ಸಪ್ಪೆ.

ಹೊರಗಿನವರಿಗೆ ಈ ಅವ್ವ ಗೊತ್ತೇ ಇರಲಿಲ್ಲ. ತೆಲುಗಿನ ಅವ್ವ ಬೇರೆ ಹೆಂಗಸು. ಆಕೆ ಮೆಲ್ಲಗೆ ಮಾತಾಡುತ್ತಿದ್ದಳು, ಪ್ರತಿ ವಾಕ್ಯದ ಕೊನೆಗೆ ನಮ್ಮ 'ರೀ'ಯಂಥ 'ಅಂಡಿ' ಸೇರಿಸುತ್ತಿದ್ದಳು, ಯಾರು ಏನು ಹೇಳಿದರೂ 'ಅವುನಂಡಿ, ಅವುನಂಡಿ' ಎಂದು ತಲೆಯಾಡಿಸುತ್ತಿದ್ದಳು. ಓನರ್ ಆಂಟಿ ಗಲ್ಲಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರಂತೆ, ಕೆಳಗಿನ ಪೋರ್ಷನಿನಾಕೆಗೆ ಬಾಯೇ ಇಲ್ಲ, ಬಂಗಾರದಂಥ ಹೆಂಗಸು ಎಂದು. ಅದನ್ನು ಕೇಳಿ ಅಪ್ಪನಿಗೆ ಚಹಾ ನೆತ್ತಿಗೇರಿತ್ತು.

ಸಿನಿಮಾದ ಹುಚ್ಚು ನನಗೆ ಹತ್ತಿದ್ದು ಈ ಮನೆಯಲ್ಲಲ್ಲ, ಒಂದು ಮದುವೆಯಲ್ಲಿ. ನಾನು ಅಬಿಡ್ಸ್ ಹತ್ತಿರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವಳು ಫರ್ಹಾನಾ. ಅವಳ ಅಣ್ಣನದು ಮದುವೆ ವಿಡಿಯೊ ತೆಗೆಯುವ ಅಂಗಡಿ. ಅವರ ಮದುವೆಗಳಲ್ಲಿ ಹೆಂಗಸರು ಕೂರುವ ಹಾಲ್‌ನೊಳಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿಲ್ಲ. ಹಾಗಾಗಿ ಆ ಕಡೆಯ ಚಿತ್ರೀಕರಣ ಎಲ್ಲ ಫರ್ಹಾನಾಳದು. ಅಕೌಂಟೆನ್ಸಿಯಲ್ಲಿ ಹಿಂದೆ ಬೀಳುತ್ತಿದ್ದ ಹುಡುಗಿ ಕ್ಯಾಮೆರಾ ಹೆಗಲಿಗೇರಿಸಿದರೆ ಸೇನಾಪತಿ. ಒಂದು ದಿನ ಲೈಟು ಹಿಡಿಯುವವಳು ಬರಲಿಲ್ಲವೆಂದು ನನ್ನನ್ನು ಕರೆದುಕೊಂಡು ಹೋದಳು. ಬಿರಿಯಾನಿಯ ಆಸೆಗೆ ಹೋದೆ ಎಂದು ನಾನು ಹೇಳುತ್ತ ಬಂದಿದ್ದೇನೆ. ಆಗ ನಮ್ಮ ಮನೆಯಲ್ಲಿ ಮಾಂಸ ಮುಟ್ಟುತ್ತಿರಲಿಲ್ಲ, ನಾನೂ ಮುಟ್ಟುತ್ತಿರಲಿಲ್ಲ, ಆದ್ದರಿಂದ ಅದು ನಂತರ ಸೇರಿಕೊಂಡ ಕಾರಣವಿರಬೇಕು.

ಹಾಲ್‌ನಲ್ಲಿ ಕಿವಿ ಒಡೆಯುವ ಗದ್ದಲ. ಊಟಕ್ಕೆ ಹೋಗುವ ಮುಂಚೆ ಫರ್ಹಾನಾ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ನೋಡುತ್ತಿರು ಅಂದಳು. ನಾನು ಕಣ್ಣು ಹಚ್ಚಿದೆ. ಆ ಚಿಕ್ಕ ಚೌಕದೊಳಗೆ ಮದುಮಗಳ ತಾಯಿ ಸೋಫಾದ ಮೇಲೆ ಕೂತು ಬಂದವರಿಗೆಲ್ಲ ನಗುನಗುತ್ತ ಸಲಾಂ ಹೇಳುತ್ತಿದ್ದಳು. ಯಾರಿಗೂ ಕಾಣದಂತೆ, ಸೋಫಾದ ಕೆಳಗೆ ಚಪ್ಪಲಿಯಿಂದ ಕಾಲು ಹೊರತೆಗೆದು, ಒಂದು ಪಾದದಿಂದ ಇನ್ನೊಂದನ್ನು ಒತ್ತಿಕೊಳ್ಳುತ್ತಿದ್ದಳು. ಮೇಲೆ ಹಬ್ಬ, ಕೆಳಗೆ ದಣಿವು. ಎರಡೂ ಒಂದೇ ಚೌಕದಲ್ಲಿ. ನನ್ನ ಸುತ್ತಲಿನ ಗದ್ದಲ ನಿಂತುಹೋದಂತಾಯಿತು. ಇದನ್ನು ಈಗ ನಾನೊಬ್ಬಳೇ ನೋಡುತ್ತಿದ್ದೇನೆ, ಬೇಕೆಂದರೆ ಇದನ್ನು ಎಲ್ಲರಿಗೂ ತೋರಿಸಬಲ್ಲೆ ಎಂಬ ಯೋಚನೆ ಬಂತು. ಆ ಯೋಚನೆ ನನ್ನನ್ನು ಆಮೇಲೆ ಬಿಡಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಚೌಕಟ್ಟು, ಕಂಡಕ್ಟರನ ಕಂಕುಳಿನ ಸಂದು, ಎಲ್ಲವೂ ಚೌಕಗಳಾಗಿ ಕಾಣತೊಡಗಿದವು.

ಕಾಲೇಜಿನಲ್ಲಿ ಕಿರುಚಿತ್ರಗಳ ಸ್ಪರ್ಧೆ ಇಟ್ಟಾಗ ಅವ್ವ ರೊಟ್ಟಿ ಬಡಿಯುವುದನ್ನೇ ತೆಗೆಯುತ್ತೇನೆ ಎಂದೆ. ಮದುವೆಗಳಿಲ್ಲದ ದಿನಗಳಲ್ಲಿ ಫರ್ಹಾನಾಳ ಅಣ್ಣ ಹಳೆಯ ಹ್ಯಾಂಡಿಕ್ಯಾಮ್ ಕೊಡಲು ಒಪ್ಪಿದ. ಅದನ್ನು ಮನೆಗೆ ತಂದ ದಿನ ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ವಿಚಾರಣೆ ನಡೆಸಿದಳು.

"ಇದರಾಗ ಯಾರ್ ನೋಡ್ತಾರ?"

"ಮಂದಿ ನೋಡ್ತಾರ ಆಯಿ."

"ಮಂದಿ ಅಂದ್ರ ನಮ್ಮ ಮಂದಿನೋ, ಇಲ್ಲಿ ಮಂದಿನೋ?"

"ಕಾಲೇಜಿನ ಮಂದಿ."

"ಹಂಗಾರ ತೆಲುಗಿನಾಗ ಆಡ್ಬೇಕಾತು," ಎಂದು ಆಯಿ ತೀರ್ಪು ಕೊಟ್ಟಳು.

ನಾನು ನಕ್ಕೆ. ಆದರೆ ಕ್ಯಾಮೆರಾ ಎತ್ತಿದ ಕೂಡಲೇ ಅವ್ವ ಹಿಟ್ಟಿನ ಕೈಯಿಂದ ಕೂದಲು ಸರಿಮಾಡಿಕೊಂಡು, ನನ್ನ ಕಡೆಗೆ, ಅಂದರೆ ನನ್ನ ಕೈಯಲ್ಲಿದ್ದ ಅದರ ಕಡೆಗೆ, ಮುಖ ಮಾಡಿ ಹೇಳಿದಳು:

"ಇದಿ ಜೊನ್ನ ರೊಟ್ಟೆ ಅಂಡಿ. ಚೇತ್ತೋನೇ ಚೇಸ್ತಾಮಂಡಿ."

ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ, ನಮ್ಮ ಅಡಿಗೆ ಮನೆಯಲ್ಲಿ, ಇದು ಜೋಳದ ರೊಟ್ಟಿರಿ, ಕೈಯಿಂದಲೇ ಮಾಡ್ತೀವ್ರಿ ಎಂದು ತೆಲುಗಿನಲ್ಲಿ ಪರಿಚಯ! ಅವಳ ಪಾಲಿಗೆ ಅಡಿಗೆ ಮನೆಯೊಳಕ್ಕೆ ಹೊರಗಿನವರು ಬಂದಿದ್ದರು. ಕ್ಯಾಮೆರಾ ಒಬ್ಬ ಅತಿಥಿ. ಅದರ ಮುಂದೆ ಒಳಗಿನ ಮಾತು ಆಡುವುದು ಅವಳಿಗೆ ಅಸಭ್ಯವಾಗಿ ಕಂಡಿರಬೇಕು. ನಾನು ಗೋಗರೆದೆ. ಕನ್ನಡದಾಗ ಆಡು ಅವ್ವಾ, ಯಾರೂ ಇಲ್ಲ ಅಂತ ತಿಳ್ಕೊ ಅಂದೆ. ಅವ್ವ ಹ್ಞೂ ಅನ್ನುತ್ತಿದ್ದಳು. ಮತ್ತೆ ಗುಂಡಿ ಒತ್ತಿದರೆ ಮತ್ತೆ 'ಅಂಡಿ'. ಒಂದು ಭಾನುವಾರ ಫರ್ಹಾನಾ ಬಂದು ನೋಡಿ, ಕ್ಯಾಮೆರಾ ನೋಡಬೇಡ ಅಂತ ನಿಮ್ಮಮ್ಮನಿಗೆ ಹೇಳು ಎಂದು ಹಣೆ ಚಚ್ಚಿಕೊಂಡಳು.

"ಅರೇ ಗಿರಿಜಾ, ಅಮ್ಮೀ ಕು ಬೋಲ್ ನಾ, ಕ್ಯಾಮೆರಾ ಕು ನಕ್ಕೋ ದೇಖೋ ಬೋಲ್ ಕೆ!"

ಫರ್ಹಾನಾ ಬಂದದ್ದೇ ಕೇಡಾಯಿತು. ಅವ್ವ ತೆಲುಗು ಬಿಟ್ಟು ಹಿಂದಿ ಹಿಡಿದಳು.

ಕೊನೆಗೆ ಆ ತೆಲುಗಿನ ಅವ್ವನನ್ನೇ ಇಟ್ಟು ಚಿತ್ರ ಜೋಡಿಸಿದೆ. ಕಾಲೇಜಿನ ಹಾಲ್‌ನಲ್ಲಿ ತೋರಿಸಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ನಮ್ಮ ಇಂಗ್ಲಿಷ್ ಮೇಡಂ, ಇಷ್ಟು ಮೃದುವಾದ ತಾಯಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂದರು. ನಾನು ಥ್ಯಾಂಕ್ಸ್ ಹೇಳಿ ಕೂತೆ. ಅಷ್ಟು ಜನರ ಮುಂದೆ ತೋರಿಸಿದ್ದು ನನ್ನ ತಾಯಿಯನ್ನಲ್ಲ, ಓನರ್ ಆಂಟಿಯ ಬಾಡಿಗೆದಾರಳನ್ನು. ಮೇಡಂ ಆಮೇಲೆ ನನ್ನನ್ನು ಕರೆದು, ಬೇರೆ ಊರಿನಲ್ಲಿದ್ದ ಒಂದು ಸಿನಿಮಾ ಶಾಲೆಯ ವಿಷಯ ಹೇಳಿದರು. ಅರ್ಜಿಯ ಜೊತೆ ತಾವೇ ಮಾಡಿದ ಒಂದು ಚಿತ್ರವನ್ನು ಕಳಿಸಬೇಕು, ಇದನ್ನೇ ಇನ್ನಷ್ಟು ತಿದ್ದಿ ಕಳಿಸು, ಕಣ್ಣಿದೆ ನಿನಗೆ ಅಂದರು. ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಿ, "ಸಿನಿಮಾ ಅಂದ್ರ ನೋಡೂದು, ಮಾಡೂದಲ್ಲ," ಅಂದ. ಅವ್ವ ಏನೂ ಅನ್ನಲಿಲ್ಲ. ಅನ್ನಲಿಲ್ಲ ಎಂದು ನನ್ನ ನೆನಪು.

ನಾನು ನಿರ್ಧಾರ ಮಾಡಿದ್ದೆ. ಕಳಿಸಿದರೆ ನಿಜವಾದ ಅವ್ವನನ್ನು ಕಳಿಸಬೇಕು, ಅವಳ ಬಾಯಿಯ ಸಮೇತ. ಇಲ್ಲದಿದ್ದರೆ ಕಳಿಸಬಾರದು.

ಅದು ಸಿಕ್ಕಿದ್ದು ಒಂದು ತಪ್ಪಿನಿಂದ. ಮದುವೆಯ ಹೆಂಗಸರು ಕ್ಯಾಮೆರಾದ ಕೆಂಪು ದೀಪ ಕಂಡರೆ ಬಿಗಿಯಾಗುತ್ತಾರೆಂದು ಫರ್ಹಾನಾ ಅದರ ಮೇಲೆ ಕರಿ ಟೇಪು ಅಂಟಿಸಿದ್ದಳು. ದೀಪ ಕಾಣದಿದ್ದರೆ ಒಂದು ಅಪಾಯವಿದೆ: ನಿಲ್ಲಿಸಿದೆ ಅಂದುಕೊಂಡು ಗುಂಡಿ ಒತ್ತಿದಾಗ ಅದು ಶುರುವಾಗಿರುತ್ತದೆ. ಒಂದು ಮಧ್ಯಾಹ್ನ ಹಾಗೆಯೇ ಒತ್ತಿ, ಅಡಿಗೆ ಮನೆಯ ಗೂಡಿನಲ್ಲಿ ಡಬ್ಬಿಗಳ ಪಕ್ಕ ಇಟ್ಟು ಎದ್ದುಹೋದೆ. ಆ ಹೊತ್ತಿಗೆ ಕಾಕು ಬಂದಳು. ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ಪಕ್ಕದ ಗಲ್ಲಿಯಿಂದ ದಿನಾ ಮಧ್ಯಾಹ್ನ ಅವ್ವನೊಡನೆ ಕೂರಲು ಬರುತ್ತಿದ್ದವಳು. ಸಂಜೆ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ನೋಡಿದೆ.

ಚೌಕ ಸ್ವಲ್ಪ ವಾರೆಯಾಗಿತ್ತು. ಅದರಲ್ಲಿ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಮೆಟ್ಟಿಲುಗಳನ್ನು ಇಳಿಯುತ್ತಿದ್ದಳು. ಒಂದು ಕೈ ಮೊಣಕಾಲ ಮೇಲೆ. ಪ್ರತಿ ಮೆಟ್ಟಿಲಿಗೂ ಒಂದು ಅಯ್ಯೋ. ಕೆಳಗೆ ಬಂದು ಬಾಗಿಲ ಚೌಕಟ್ಟು ಹಿಡಿದು, ಜೇನು ಸುರಿಯುವ ದನಿಯಲ್ಲಿ 'ಅಂತಾ ಬಾಗುನ್ನಾರಾ ಅಮ್ಮಾ?' ಎಂದು ಕ್ಷೇಮ ಕೇಳಿ, ಉತ್ತರಕ್ಕೆ ಕಾಯದೆ, ದನಿ ಕಬ್ಬಿಣ ಮಾಡಿಕೊಂಡು, 'ಮೋಟರ್ ಎವರು ಬಂದ್ ಚೇಯಲೇದು?' ಎಂದು ನೀರಿನ ಮೋಟರ್ ಆರಿಸದವರು ಯಾರೆಂದು ವಿಚಾರಿಸಿದಳು. ಓನರ್ ಆಂಟಿ ಅಲ್ಲಿ ಕಾಲಿಟ್ಟಂತಿತ್ತು. ಕಾಕು ನೆಲಕ್ಕೆ ಕೈಯೂರಿ ನಗುತ್ತಿದ್ದಳು. ಅವ್ವ ಅಲ್ಲಿಗೇ ಬಿಡಲಿಲ್ಲ. ನಡುವೆ ನಡುವೆ ಕನ್ನಡದಲ್ಲಿ ಟೀಕೆ ಹಚ್ಚುತ್ತ, ಆಯಿಯಾದಳು: ಹಣೆಗೆ ವಿಭೂತಿ ಎಳೆಯುತ್ತ, ಕಣ್ಣು ಮುಚ್ಚಿ ಮಂತ್ರ ಹೇಳುತ್ತ, ಒಂದು ಕಣ್ಣು ಮಾತ್ರ ತೆರೆದು ಒಲೆಯ ಮೇಲಿನ ಹಾಲು ನೋಡುವ ಆಯಿ. ಆಮೇಲೆ ನಾನಾದಳು. ಮುಷ್ಟಿಯನ್ನು ಕಣ್ಣಿಗೆ ಹಿಡಿದು, ಮೊಣಕಾಲು ಬಾಗಿಸಿ, ನನ್ನ ದನಿಯಲ್ಲಿಯೇ:

"ಅವ್ವಾ, ನೀ ಹ್ಯಾಂಗಿದ್ದಿ ಹಂಗ ಇರು. ಏನೂ ಬದಲ್ ಆಗಬ್ಯಾಡ. ಆದ್ರ ಸ್ವಲ್ಪ ಎಡಕ್ಕ ಸರಿ. ಮಾರಿ ಎತ್ತು. ನಗಬ್ಯಾಡ. ಹಾ, ಈಗ ಹ್ಯಾಂಗಿದ್ದಿ ಹಂಗ ಇರು!"

"ಸಾಕ್ ಬಿಡ್ರಿ ಅಕ್ಕಾ, ಹೊಟ್ಟಿ ಹರೀತೈತಿ ನಂದು!" ಎಂದು ಕಾಕು ಕೂಗುತ್ತಿದ್ದಳು.

ಇಪ್ಪತ್ತು ವರ್ಷ ಆ ಮನೆಯಲ್ಲಿ ಬದುಕಿ ನನಗೆ ಇದು ಗೊತ್ತಿರಲಿಲ್ಲ. ಮಾತಿನ ಚಾಟಿ ಗೊತ್ತಿತ್ತು, ಈ ಮೈ ಗೊತ್ತಿರಲಿಲ್ಲ. ಚೌಕಗಳಲ್ಲಿ ಜಗತ್ತನ್ನು ನೋಡುವುದನ್ನು ನಾನು ಕಂಡುಹಿಡಿದೆ ಎಂದು ಬೀಗುತ್ತಿದ್ದವಳಿಗೆ, ಮನೆಯಲ್ಲಿ ಎಲ್ಲರಿಗಿಂತ ಮೊದಲೇ, ಎಲ್ಲರಿಗಿಂತ ಚೆನ್ನಾಗಿ ನೋಡುತ್ತ ಬಂದವಳು ಯಾರೆಂದು ಅವತ್ತು ಕಂಡಿತು. ಕೂಡಲೇ ಲೆಕ್ಕ ಹಾಕಿದೆ: ಇದನ್ನು ಕಳಿಸಿದರೆ ಆ ಶಾಲೆಯವರು ನನ್ನನ್ನು ಬೇಡ ಅನ್ನಲಾರರು.

ಮರುದಿನ ಮಧ್ಯಾಹ್ನ ಆಯಿ ಮಲಗಿದ ಮೇಲೆ ಮೂರು ಬಣ್ಣದ ವೈರು ಟೀವಿಗೆ ಸಿಕ್ಕಿಸಿ ಅವ್ವನಿಗೆ ತೋರಿಸಿದೆ. ಬೈಯುತ್ತಾಳೆಂದು ಅಂಜಿದ್ದೆ. ಅವ್ವ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನಕ್ಕಳು, ತನ್ನನ್ನೇ ನೋಡಿ, ಬೇರೆ ಯಾರನ್ನೋ ನೋಡಿ ನಗುವಂತೆ.

"ಹಿಂದಕ್ಕ ತಗೀ. ಆ ಮೆಟ್ಟಲಾ ಇಳಿಯೂದು ಮತ್ತೊಮ್ಮಿ ತೋರಸು."

ತೋರಿಸಿದೆ.

"ಕಾಲ ಇನ್ನಾ ಸ್ವಲ್ಪ ಎಳೀಬೇಕಿತ್ತ ನೋಡು. ಅಕಿ ಬಲಗಾಲ ಎಳೀತಾಳ."

ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಅವ್ವನ ಮುಖದಿಂದ ನಗು ಹೋಯಿತು. ಟೀವಿಯ ದನಿ ತಾನೇ ಕಡಿಮೆ ಮಾಡಿ, ಕೆಳದನಿಯಲ್ಲಿ ಹೇಳಿದಳು:

"ಗಿರ್ಜಾ, ಇದನ್ನ ಅಳಿಸು."

"ಯಾಕವ್ವಾ? ಎಷ್ಟ್ ಛಲೋ ಐತಿ! ಆ ಸಾಲಿಗಿ ಇದನ್ನ ಕಳಸ್ತೀನಿ ನಾ."

"ಓನರಮ್ಮ ನೋಡಿದ್ರ? ನಿಮ್ಮ ಆಯಿ ನೋಡಿದ್ರ?"

"ಅವ್ರು ಎಲ್ಲಿ ನೋಡ್ತಾರ? ಬ್ಯಾರೆ ಊರಿಗಿ ಹೋಗೂದೈತಿ ಇದು."

"ಊರ್ ಯಾವುದರ ಏನ? ನೋಡವಾ, ನಕಲಿ ಮಾಡಿದ್ದು ಗಾಳಿಗಿ ಹೋಗಬೇಕು. ಹಿಡದು ಇಟ್ಟಿ ಅಂದ್ರ ಅದು ಚಾಡಿ ಆಕ್ಕೈತಿ. ಅಕಿ ನಮ್ಮ ಮನೀಗಿ ಬಂದು ಚಾ ಕುಡದು ಹೋಗ್ತಾಳ. ಅಳಿಸು."

ನಾನು ವಾದಿಸಿದೆ, ಅತ್ತುಬಿಟ್ಟೆ. ನಿನಗ ನನ್ನ ಮ್ಯಾಲ ಕಾಳಜಿನ ಇಲ್ಲ ಎಂದೂ ಅಂದಿರಬೇಕು. ಆ ವಯಸ್ಸಿನಲ್ಲಿ ಯಾವ ಜಗಳವೂ ಆ ಮಾತಿಲ್ಲದೆ ಮುಗಿಯುತ್ತಿರಲಿಲ್ಲ. ಅವ್ವ ಕದಲಲಿಲ್ಲ. ಆ ಕಾಲದ ಕ್ಯಾಸೆಟ್ಟನ್ನು ಅಳಿಸಬೇಕೆಂದರೆ ಅದರ ಮೇಲೆ ಬೇರೆ ಏನನ್ನಾದರೂ ತುಂಬಬೇಕು. ಫರ್ಹಾನಾಳ ಅಂಗಡಿಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ, ರೆಕಾರ್ಡಿಂಗ್ ಒತ್ತಿ, ಪೂರ್ತಿ ಓಡಲು ಬಿಡುತ್ತಿದ್ದರು. ಹಾಗೆಯೇ ಮಾಡುತ್ತೇನೆ ಅಂದೆ. ಅವ್ವ ನಂಬಲಿಲ್ಲ. ನನ್ನೆದುರಿಗೇ ಮಾಡು, ನಡುವೆ ಎಲ್ಲಾದರೂ ಉಳಿದೀತು, ಪೂರ್ತಿ ಕ್ಯಾಸೆಟ್ ಓಡಲಿ ಅಂದಳು. ಆ ಮಧ್ಯಾಹ್ನ ಅಡಿಗೆ ಮನೆಯಲ್ಲಿ ಕ್ಯಾಮೆರಾವನ್ನು ನೆಲದ ಮೇಲಿಟ್ಟು, ಮುಚ್ಚಳ ಹಾಕಿ, ಗುಂಡಿ ಒತ್ತಿದೆ. ಅವ್ವ ಎದುರಿಗೆ ಮೊರದಲ್ಲಿ ಪುಂಡಿಪಲ್ಯ ಹಾಕಿಕೊಂಡು ಸೊಪ್ಪು ಬಿಡಿಸಲು ಕೂತಳು. ನಾನು ಗೋಡೆಗೆ ಒರಗಿ ಕೂತೆ. ಒಂದು ತಾಸು.

ಆ ತಾಸನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಈಗ ನನ್ನ ಕೆಲಸ. ಹೊಸ ನೌಕರರಿಗೆ ತೋರಿಸುವ ತರಬೇತಿ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು. ಬೆಂಕಿ ಬಿದ್ದರೆ ಯಾವ ಮೆಟ್ಟಿಲಿನಿಂದ ಇಳಿಯಬೇಕು, ಪಾಸ್‌ವರ್ಡನ್ನು ಹೇಗೆ ಕಾಪಾಡಬೇಕು, ಇಂಥವು. ಊಟದ ಹೊತ್ತಿನಲ್ಲಿ ಹುಡುಗರು ಯಾರಾದರೂ, ಮೇಡಂ ನೀವು ಸಿನಿಮಾಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಈ ಕಥೆ ಬರುತ್ತಿತ್ತು. ನಮ್ಮ ತಾಯಿ ಬಿಡಲಿಲ್ಲ. ನನ್ನ ಅತ್ಯುತ್ತಮ ಚಿತ್ರವನ್ನು ಎದುರಿಗೆ ಕೂತು ಅಳಿಸಿದಳು, ಪೊಲೀಸಿನವಳಂತೆ, ಒಂದು ಮಾತೂ ಆಡದೆ. ಹುಡುಗರು ಅಯ್ಯೋ ಅನ್ನುತ್ತಿದ್ದರು. ಆ ಶಾಲೆಗೆ ನಾನು ಅರ್ಜಿಯನ್ನೇ ಹಾಕಲಿಲ್ಲ ಎಂಬುದನ್ನು ಕಥೆಯಲ್ಲಿ ಹೇಳುತ್ತಿರಲಿಲ್ಲ. ತೆಲುಗಿನ ಚಿತ್ರ ಕೈಯಲ್ಲಿತ್ತು, ಅದನ್ನೇ ಕಳಿಸಬಹುದಿತ್ತು. ಹಟಕ್ಕೆ ಕಳಿಸಲಿಲ್ಲ. ಒಮ್ಮೆ ನನ್ನ ಮಗಳ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿದಾಗ ಇದೇ ಕಥೆಯನ್ನು ನಗೆಯಾಡುತ್ತ ಹೇಳಿದೆ. ಅವ್ವ ಅಲ್ಲೇ ತಟ್ಟೆ ಹಿಡಿದು ಕೂತಿದ್ದಳು. ಅವಳ ಬಾಯಿಗೆ ಸಿಕ್ಕಿ ಉಳಿದವರಿಲ್ಲ. ನನಗೊಂದು ಏಟು ಕಾದಿದೆ ಅಂದುಕೊಂಡೆ. ನನ್ನ ಕಡೆ ಒಮ್ಮೆ ನೋಡಿ, ಮೊಮ್ಮಗಳ ತಟ್ಟೆಗೆ ಪೂರಿ ಹಾಕಿದಳು, ಅಷ್ಟೇ. ಒಪ್ಪಿಕೊಂಡಳು ಎಂದೇ ನಾನು ತಿಳಿದೆ.

ಅವ್ವ ಈಗಿಲ್ಲ. ಅವಳು ಹೋದ ಮೇಲೆ ಮಗಳು, ಅಜ್ಜಿಯ ವಿಡಿಯೊ ಇಲ್ಲವೇ ಎಂದು ಕೇಳಿದಳು. ಟ್ರಂಕಿನಿಂದ ಹಳೆಯ ಕ್ಯಾಸೆಟ್ಟುಗಳನ್ನು ತೆಗೆದೆ. ಮೇಲೆ ನನ್ನ ಅಕ್ಷರದಲ್ಲಿ 'ಖಾಲಿ' ಎಂದು ಬರೆದದ್ದೂ ಅದರಲ್ಲಿತ್ತು. ಒಮ್ಮೆ ತುಂಬಿ ಅಳಿಸಿದ ಕ್ಯಾಸೆಟ್ ಮದುವೆಗೆ ಬಳಸುವುದಿಲ್ಲವೆಂದು ಫರ್ಹಾನಾಳ ಅಣ್ಣ ಅದನ್ನು ನನಗೇ ಬಿಟ್ಟಿದ್ದ. ಆಫೀಸಿನಲ್ಲಿ ಹಳೆಯ ಪ್ಲೇಯರ್ ಒಂದಿತ್ತು. ರಜೆಯ ದಿನ ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದೆ. ರೊಟ್ಟಿಯ ಅವ್ವ ಬಂದಳು, ತೆಲುಗಿನಲ್ಲಿ, ಮೃದುವಾಗಿ. ಮಗಳಿಗೆ ಬೇಕಾದ ಅಜ್ಜಿ ಇವಳಲ್ಲ ಎಂದು ನನಗೆ ಗೊತ್ತಿತ್ತು. ಖಾಲಿ ಕ್ಯಾಸೆಟ್ಟನ್ನು ಬಿಸಾಡುವ ಮುಂಚೆ ಎಲ್ಲಾದರೂ ಒಂದು ಚೂರು ಉಳಿದಿದೆಯೇ ಎಂಬ ಆಸೆಗೆ ಹಾಕಿದೆ. ಪರದೆ ಪೂರ್ತಿ ಕಪ್ಪು. ಆದರೆ ಪಕ್ಕದಲ್ಲಿ ಧ್ವನಿಯ ಹಸಿರು ಕಂಬಗಳು ಏಳುತ್ತಿದ್ದವು, ಬೀಳುತ್ತಿದ್ದವು. ಮುಚ್ಚಳ ಹಾಕಿದ್ದು ಕಣ್ಣಿಗೆ ಮಾತ್ರ. ಆ ವಯಸ್ಸಿನಲ್ಲಿ ನನಗೆ ಸಿನಿಮಾ ಎಂದರೆ ಕಣ್ಣು; ಕ್ಯಾಮೆರಾಕ್ಕೆ ಕಿವಿಯೂ ಇದೆ ಎಂಬುದು ಅವತ್ತು ನನಗೆ ಹೊಳೆದಿರಲಿಲ್ಲ. ಅವ್ವನಿಗಂತೂ ಕಣ್ಣು ಮುಚ್ಚಿದ ಅತಿಥಿ ಎದ್ದು ಹೋದಂತೆ.

ಹೆಡ್‌ಫೋನ್ ಹಾಕಿಕೊಂಡೆ. ಸೊಪ್ಪಿನ ಕಡ್ಡಿ ಮುರಿಯುವ ಸದ್ದು. ಆಮೇಲೆ ಅವ್ವ. ಕನ್ನಡದ ಅವ್ವ.

ಅವಳು ಮಾತಾಡುತ್ತಲೇ ಇದ್ದಳು. ಪೊಲೀಸಿನವಳಂತೆ ಸುಮ್ಮನೆ ಕೂತವಳು ಅವಳಲ್ಲ. ಪುಂಡಿಪಲ್ಯ ಮಾರಿದವನು ಅರ್ಧ ಕಡ್ಡಿಯನ್ನೇ ತೂಗಿದ ಎಂದು ಬೈದಳು. ಕಾಕುವಿನ ನಗೆಯನ್ನು ನೆನೆದು ನಕ್ಕಳು. ರಾತ್ರಿಗೆ ಏನು ಮಾಡಲಿ ಎಂದು ಕೇಳಿದಳು, ತಾನೇ ಉತ್ತರ ಹೇಳಿಕೊಂಡಳು. ನನ್ನ ದನಿ ಎಲ್ಲಿಯೂ ಇಲ್ಲ. ಒಮ್ಮೆ ನಾನು ಮೂಗೇರಿಸಿದ್ದು ಕೇಳಿಸುತ್ತದೆ, ಅಷ್ಟೇ. ಅರ್ಧ ಕಳೆದ ಮೇಲೆ ಕಡ್ಡಿ ಮುರಿಯುವುದು ನಿಲ್ಲುತ್ತದೆ. ಅವ್ವನ ದನಿ ಸ್ವಲ್ಪ ಹತ್ತಿರ ಬರುತ್ತದೆ. ನನ್ನ ಕಡೆಗೆ ಸರಿದು ಕೂತಿರಬೇಕು.

"ಆ ಸಾಲಿಗಿ ಹೋಗ್ತೀನಂದಿದ್ದೆಲಾ, ಹೋಗು. ಬ್ಯಾಡ ಅಂದೀನೇನ ನಾ? ಅಪ್ಪಗ ನಾ ಹೇಳ್ತೀನಿ, ಅದು ನನಗ ಬಿಡು. ಆದ್ರ ನನ್ನ ಹೊತ್ಕೊಂಡ್ ಹೋಗಬ್ಯಾಡವಾ. ನಿಂದು ಏನೈತಿ ಅದನ್ನ ಒಯ್ಯಿ. ನಾ ಎದಕ ಬೇಕ ನಿನಗ ಅಲ್ಲಿ?"

ನಾನು ಅದನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದೆ. ಈ ಮಾತು ಆ ಕೋಣೆಯಲ್ಲಿ, ನನ್ನಿಂದ ಒಂದು ಮೊಳ ದೂರದಲ್ಲಿ ಆಡಿದ್ದು. ಅದು ನನಗೆ ಕೇಳಿಸಲಿಲ್ಲವೇ? ಕೇಳಿಸಿಯೂ, ಬೇಡದ್ದನ್ನು ಎತ್ತಿ ಹಾಕುವಂತೆ ನೆನಪಿನಿಂದ ತೆಗೆದು ಹಾಕಿದೆನೇ? ಅವ್ವ ತಡೆದಳು ಎಂಬ ಕಥೆ ನನಗೆ ಅಷ್ಟೊಂದು ಬೇಕಾಗಿತ್ತೇ, ಅಳಿಸಬಾರದ್ದನ್ನು ಅಳಿಸಿ ಅದರ ಮೇಲೆ ಆ ಕಥೆಯನ್ನು ತುಂಬುವಷ್ಟು? ಗೊತ್ತಿಲ್ಲ. ಹುಟ್ಟುಹಬ್ಬದ ದಿನ ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಕೊಟ್ಟ ಅರ್ಥ ತಪ್ಪು ಎಂಬುದು ಮಾತ್ರ ಗೊತ್ತು. ನಾನು ಆಡಿದ್ದು ಸುಳ್ಳು ಎಂದು ಎಲ್ಲರೆದುರು ಹೇಳಬಹುದಿತ್ತು ಅವಳು. ಹೇಳಲಿಲ್ಲ.

ಒಂದು ರಾತ್ರಿ ಕೆಲಸದ ಚಟಕ್ಕೆ, ರೊಟ್ಟಿ ಬಡಿಯುವ ಮುಖದ ಮೇಲೆ ಈ ದನಿಯನ್ನು ಕೂರಿಸಿ ನೋಡಿದೆ. ತುಟಿ ಒಂದು ಹೇಳುತ್ತಿತ್ತು, ದನಿ ಇನ್ನೊಂದು. ತೆಗೆದುಬಿಟ್ಟೆ. ಮಗಳಿಗೆ ಮುಖವನ್ನು ಬೇರೆ, ದನಿಯನ್ನು ಬೇರೆ ಕೊಟ್ಟೆ. ಕಪ್ಪು ಪರದೆಯ ಮುಂದೆ ಕೂತು ಅವಳು ಪೂರ್ತಿ ಕೇಳಿದಳು. "ನೀನು ಯಾಕೆ ಏನೂ ಮಾತಾಡ್ತಿಲ್ಲ ಇದರಲ್ಲಿ?" ಎಂದು ಕೇಳಿದಳು. ನಾನು ಸಿಟ್ಟಿನಲ್ಲಿದ್ದೆ ಅಂದೆ.

ಕ್ಯಾಸೆಟ್ ಮುಗಿಯುವ ಮುನ್ನ ಅವ್ವ ಮೊರವನ್ನು ಕುಟ್ಟಿ ಕೆಳಗಿಡುತ್ತಾಳೆ. ಬಳೆ ಸದ್ದಾಗುತ್ತದೆ.

"ಇಷ್ಟೊತ್ತು ಒಬ್ಬಾಕಿನ ಆಡಾಕತ್ತೀನಿ, ಹುಚ್ಚಿ ಹಂಗ. ಗಿರ್ಜಾ? ಏ ಗಿರ್ಜಾ. ಹೋದ್ರ ಹೋಗ್ಲಿ ಬಿಡ ಅದು. ಅದರಾಗ ಏನೈತಿ? ನಾ ಇಲ್ಲೇ ಇದ್ದೀನಲ್ಲ. ನಿನಗ ಬೇಕಂದ್ರ ಈಗ ಮಾಡಿ ತೋರಸ್ತೀನಿ. ಕಾಲ ಎಳದು ಮಾಡ್ತೀನಿ, ಛಲೋ ಮಾಡ್ತೀನಿ. ಮಾಡಲೇನ?"

ಇಲ್ಲಿ ಅವ್ವ ಕಾಯುತ್ತಾಳೆ. ಹೊರಗೆ ನಲ್ಲಿ ಹನಿಯುತ್ತಿದೆ. ಆ ಕಪ್ಪು ಪರದೆಯ ಕತ್ತಲಲ್ಲಿ ಗೋಡೆಗೆ ಒರಗಿ ಒಬ್ಬ ಹುಡುಗಿ ಕೂತಿದ್ದಾಳೆ. ಹ್ಞೂ ಅನ್ನು, ಎಂದು ಪ್ರತಿ ಸಲವೂ ನಾನು ಅವಳಿಗೆ ಹೇಳುತ್ತೇನೆ. ಅವಳು ಅನ್ನುವುದಿಲ್ಲ.